ಡಸ್ಟ್ ಚಹಾ ಕಸವಲ್ಲ
ಚಹಾಪುಡಿಯಲ್ಲಿ ‘ಡಸ್ಟ್’ ಎಂದರೆ ಕಾರ್ಖಾನೆಯ ಕಸವಲ್ಲ. ಜರಡಿಯಿಂದ ಕೊನೆಗೆ ಇಳಿಯುವ ಅತಿ ಸಣ್ಣ ಕಾಳಿನ ದರ್ಜೆ. ಸಿಟಿಸಿ (ಕ್ರಷ್, ಟೇರ್, ಕರ್ಲ್) ಯಂತ್ರದ ಹಲ್ಲಿನ ರೋಲರುಗಳು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತವೆ. ಒಣಗಿದ ಮೇಲೆ ದಪ್ಪ ಕಾಳು ಬಿಪಿ, ಬಿಒಪಿ ದರ್ಜೆ ಎನಿಸಿಕೊಂಡರೆ ಸಣ್ಣದು ಪಿಡಿ, ಎಸ್‌ಆರ್‌ಡಿ. ಕಾಳು ಸಣ್ಣದಾದಷ್ಟೂ ಬಣ್ಣ, ಒಗರು ಬೇಗ ಬಿಡುತ್ತದೆ. ಹರಪನಹಳ್ಳಿ, ಕೊಟ್ಟೂರು ಕಡೆ ಮಂಡಕ್ಕಿ–ಮಿರ್ಚಿಯ ಮೇಲೆ ಕುಡಿಯುವ ಖಡಕ್ ಚಹಾಕ್ಕೆ ಅದೇ ಸರಿ. ಆದರೆ ದರ್ಜೆಯ ಈ ಅಕ್ಷರಗಳು ಹೇಳುವುದು ಗಾತ್ರವನ್ನಷ್ಟೇ. ರುಚಿ ನಿಂತಿರುವುದು ತೋಟ, ಹಂಗಾಮು, ಚಿಗುರಿನ ಎಳೆತನದ ಮೇಲೆ. ಒಳ್ಳೆಯ ಪುಡಿಯಲ್ಲಿ ನಾರು ಕಡಿಮೆ, ಕಾಳು ಒಂದೇ ಸಮ. ಬಿಡಿ ಪುಡಿ ಕೊಳ್ಳುವವರು ಚಿಟಿಕೆಯಷ್ಟನ್ನು ಸೋಸುಕಾಗದದ ಮೇಲೆ ಹರಡಿ, ನೀರು ಚಿಮುಕಿಸಿ, ಕಾಗದವನ್ನು ತೊಳೆದು ಬೆಳಕಿಗೆ ಹಿಡಿಯಬೇಕು. ಕಲೆ ಉಳಿದಿದ್ದರೆ ಬಣ್ಣ ಬೆರೆಸಿದ ಮಾಲು.