ಯಾವ ಸಿಲಿಂಡರ್ ಅಂತ ಹೇಳು, ಆಮೇಲೆ ಬಿಚ್ಚು

ಟ್ರ್ಯಾಕ್ಟರ್‌ ಇಂಜಿನ್ನು ಟಕಟಕ ಬಡಿದರೆ ನಮ್ಮ ಕಡೆ ಒಂದೇ ಔಷಧಿ: "ಬಿಚ್ಚಬೇಕು ಯಜಮಾನ್ರೆ." ನಾನು ಇದನ್ನ ಒಪ್ಪಲ್ಲ. ಸದ್ದು ಯಾವ ಸಿಲಿಂಡರಿಂದ ಬರ್ತಿದೆ ಅಂತ ಹೇಳಕ್ಕಾಗದವನ ಕೈಗೆ ಸ್ಪ್ಯಾನರ್ ಯಾಕೆ ಕೊಡಬೇಕು?

ನಂದು ಮೂರು ಸಿಲಿಂಡರಿನ ಹಳೇ ಗಾಡಿ. ರೋಟವೇಟರ್ ಹಾಕಿದಾಗ ಬಡಿಯೋಕೆ ಶುರುವಾಯ್ತು, ಜೊತೆಗೆ ಕರಿ ಹೊಗೆ. ಮೆಕ್ಯಾನಿಕ್ ಬಂದ, ಎರಡು ಸಲ ರೇಸ್ ಮಾಡಿದ, "ಬೇರಿಂಗ್ ಹೋಗಿದೆ, 60,000 ಇಟ್ಕೊಳ್ಳಿ" ಅಂದ. ಮಳೆ ಬಿದ್ದು ಹದ ಆಗಿತ್ತು, ರಾಗಿ ಬಿತ್ತಬೇಕು. ನಮ್ಮ ಈ ಅವಸರಾನೇ ಇವರ ಬಂಡವಾಳ.

ಆದ್ರೆ ಆಯಿಲ್ ಪ್ರೆಷರ್ ಮುಳ್ಳು ಇಂಜಿನ್ ಬಿಸಿಯಾದ ಮೇಲೂ ಇಳಿದಿರಲಿಲ್ಲ. ಬೇರಿಂಗ್ ಸವೆದಿದ್ರೆ ಸಾಮಾನ್ಯವಾಗಿ ಇಳಿಯುತ್ತೆ. (ಇಳಿದ್ರೆ ಮಾತ್ರ ಆ ಕ್ಷಣ ಗಾಡಿ ನಿಲ್ಲಿಸಿ. ಆಗ ಬಿಚ್ಚೋದೇ ಸರಿ, ನನ್ನ ಮಾತು ಕೇಳಬೇಡಿ.) ಡೀಸೆಲ್ ಪಂಪ್ ಕೆಲಸದವರನ್ನ ಕರೆಸಿದೆ. ಗಾಡಿ ಸ್ಲೋನಲ್ಲಿ ಓಡ್ತಿರುವಾಗಲೇ ಅವರು ಇಂಜೆಕ್ಟರ್ ಪೈಪಿನ ನಟ್ಟನ್ನ ಒಂದೊಂದಾಗಿ ಸಡಿಲ ಮಾಡಿದ್ರು. ಎರಡನೇದು ಸಡಿಲಿಸಿದಾಗ ಬಡಿತ ನಿಂತೋಯ್ತು. ಇಷ್ಟಕ್ಕೇ ತೀರ್ಪು ಕೊಡೋ ಹಾಗಿಲ್ಲ, ಯಾಕಂದ್ರೆ ಬೇರಿಂಗ್ ಸದ್ದೂ ಹೀಗೇ ಅಡಗುತ್ತೆ. ಆಮೇಲೆ ಇಂಜಿನ್ ಆಫ್ ಮಾಡಿ, ಹೊಸ ತಾಮ್ರದ ವಾಷರ್ ಹಾಕಿ, ಎರಡನೇ ಇಂಜೆಕ್ಟರನ್ನ ಒಂದಕ್ಕೆ, ಒಂದರದ್ದನ್ನ ಎರಡಕ್ಕೆ ಕೂರಿಸಿದ್ರು. ಬಡಿತವೂ ಒಂದಕ್ಕೆ ಹೋಯ್ತು! ಬೇರಿಂಗ್ ಎಲ್ಲಾದ್ರೂ ಜಾಗ ಬದಲಾಯಿಸುತ್ತಾ? ಮಂಜಿನ ಹಾಗೆ ಸಿಂಪಡಿಸಬೇಕಾದ ನಾಝಲ್ ಹನಿಹನಿ ತೊಟ್ಟಿಕ್ತಿತ್ತು, ಅಷ್ಟೇ. ಖರ್ಚು ಎರಡು ಸಾವಿರದ ಚಿಲ್ಲರೆ.

ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಈ ಪೈಪ್ ನಟ್ ಮುಟ್ಟಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹಳೇದರಲ್ಲೂ ಗೊತ್ತಿರೋರೇ ಮಾಡಲಿ, ಕೈ ಮುಖ ದೂರ ಇರಲಿ.

ಬೈಗುಳ ಮೆಕ್ಯಾನಿಕ್‌ಗೆ ಮಾತ್ರ ಅಲ್ಲ. ನಾವೇನು ಮಾಡ್ತೀವಿ? "ಏನೋ ಸದ್ದು, ನೋಡಪ್ಪಾ" ಅಂದು ಟೀ ಕುಡಿಯೋಕೆ ಹೋಗ್ತೀವಿ. ಹಸು ಮೇವು ಬಿಟ್ರೆ ಎಂದಿನಿಂದ, ಸಗಣಿ ಹೇಗಿದೆ ಅಂತ ಡಾಕ್ಟರಿಗೆ ಪೂರ್ತಿ ಕಥೆ ಹೇಳ್ತೀವಲ್ಲ, ಗಾಡಿಗೆ ಯಾಕಿಲ್ಲ? ಕ್ಲಚ್ ಒತ್ತಿದ್ರೆ ಸದ್ದು ನಿಲ್ಲುತ್ತಾ? ಹಾಗಿದ್ರೆ ಗೇರ್‌ಬಾಕ್ಸ್ ಕಡೆ ನೋಡಿ. ನಿಂತಾಗ ಇಲ್ಲದೆ ಓಡುವಾಗ ಮಾತ್ರ ಬಂದ್ರೆ ಚಕ್ರ, ಆಕ್ಸಲ್ ಕಡೆ ಕಿವಿ ಕೊಡಿ. ಹಗುರವಾಗಿ ಟಿಕ್‌ಟಿಕ್ ಅಂದ್ರೆ ಮೊದಲು ಟ್ಯಾಪೆಟ್ ಗ್ಯಾಪ್ ನೋಡಿಸಿ.

ನಿನ್ನೆ ಬಿತ್ತನೆ ಮುಗೀತು. ದಾರೀಲಿ ಅದೇ ಮೆಕ್ಯಾನಿಕ್ ಸಿಕ್ಕಿದ್ದ. "ಏನೇ ಆಗ್ಲಿ ಯಜಮಾನ್ರೆ, ಬೇರಿಂಗ್ ಒಂದ್ಸಲ ಬಿಚ್ಚಿ ನೋಡಿಸ್ಬಿಡಿ" ಅಂದ.