ಪೇಟೆಂಟಿಗೂ ಬೇಕು ಚಕ್ಕುಬಂದಿ

ಹೊಲದ ಖರೀದಿಪತ್ರ ಓದಿದವರಿಗೆ ಚಕ್ಕುಬಂದಿ ಗೊತ್ತು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂಬುದೆಲ್ಲ ಅಲ್ಲಿರುತ್ತದೆ. ಅದನ್ನು ಬಿಟ್ಟು ‘ಹಳ್ಳದ ಹತ್ತಿರ ಒಂದಿಷ್ಟು ಭೂಮಿ’ ಎಂದು ಬರೆದರೆ ಧಾರವಾಡದ ಕೋರ್ಟಿಗೆ ಅಲೆದಾಟ ತಪ್ಪಿದ್ದಲ್ಲ.

ಪೇಟೆಂಟಿನ ಮಾತೂ ಇದೇ. ಅರ್ಜಿಯಲ್ಲಿ ಚಿತ್ರ, ವಿವರಣೆ ಎಷ್ಟೇ ಇರಲಿ, ಕೊನೆಗೆ ಬರುವ ‘ಕ್ಲೇಮು’ಗಳೇ ಹಕ್ಕಿನ ಗಡಿ. ಆ ಗಡಿಯೊಳಗೆ 20 ವರ್ಷ ಒಪ್ಪಿಗೆಯಿಲ್ಲದೆ ಬೇರೆಯವರು ಕಾಲಿಡುವಂತಿಲ್ಲ. ಗಡಿಯೇ ಮಸುಕಾದರೆ?

ಅಮೆರಿಕದ ಒಂದು ವ್ಯಾಜ್ಯ ನೋಡಿ. ವ್ಯಾಯಾಮದ ಯಂತ್ರದ ಹಿಡಿಕೆ ಹಿಡಿದಾಗ ಹೃದಯ ಬಡಿತ ಅಳೆಯುವ ಸಾಧನಕ್ಕೆ 1994ರಲ್ಲಿ ಪೇಟೆಂಟ್ ಸಿಕ್ಕಿತ್ತು. ಎರಡು ಎಲೆಕ್ಟ್ರೋಡುಗಳು ಪರಸ್ಪರ ‘ಅಂತರದಲ್ಲಿ’ ಇರಬೇಕು ಎಂದು ಕ್ಲೇಮಿನಲ್ಲಿತ್ತು. ಎಷ್ಟು ಅಂತರ? ಅದನ್ನು ಬರೆದಿರಲಿಲ್ಲ. ಬಯೋಸಿಗ್ ಮತ್ತು ನಾಟಿಲಸ್ ಕಂಪನಿಗಳ ಈ ಜಗಳ ಸುಪ್ರೀಂ ಕೋರ್ಟಿಗೇ ಹೋಯಿತು. ಆ ವಿಷಯ ಬಲ್ಲವರಿಗೆ ಕ್ಲೇಮಿನ ವ್ಯಾಪ್ತಿ ತಕ್ಕಮಟ್ಟಿಗೆ ಖಚಿತವಾಗಿ ತಿಳಿಯಬೇಕು ಎಂದು 2014ರಲ್ಲಿ ಹೇಳಿದ ಕೋರ್ಟು, ಪ್ರಕರಣವನ್ನು ಮೇಲ್ಮನವಿ ನ್ಯಾಯಾಲಯಕ್ಕೆ ಮರಳಿಸಿತು. 2015ರಲ್ಲಿ ಆ ನ್ಯಾಯಾಲಯ ಕ್ಲೇಮನ್ನು ಉಳಿಸಿತು. ಎರಡೂ ಎಲೆಕ್ಟ್ರೋಡು ಒಂದೇ ಕೈಗೆ ತಾಗಬೇಕಾದ್ದರಿಂದ ಅಂತರ ಅಂಗೈ ಅಗಲವನ್ನು ಮೀರದು. ಎರಡೂ ಕೂಡಿ ಒಂದೇ ಆಗುವಷ್ಟು ಕಿರಿದೂ ಆಗದು. ಕ್ಲೇಮಿನಲ್ಲಿ ಕಾಣದ ಗಡಿ ವಿವರಣೆಯಲ್ಲಿ ಸಿಕ್ಕಿತು.

ನಮ್ಮಲ್ಲೂ 1970ರ ಪೇಟೆಂಟ್ ಕಾಯಿದೆಯ 10ನೇ ಕಲಮಿನಂತೆ ಕ್ಲೇಮು ಸ್ಪಷ್ಟವೂ ಸಂಕ್ಷಿಪ್ತವೂ ಆಗಿರಬೇಕು, ವಿವರಣೆಯನ್ನು ಆಧರಿಸಿರಬೇಕು. ವ್ಯಾಪ್ತಿ ಸ್ಪಷ್ಟವಿಲ್ಲದಿದ್ದರೆ ಸಿಕ್ಕ ಪೇಟೆಂಟನ್ನೂ ಹೈಕೋರ್ಟ್ ರದ್ದುಮಾಡಬಹುದು. ಅದಕ್ಕೆ 64ನೇ ಕಲಮಿದೆ.

ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಯಂತ್ರ ಮಾಡಿದ ಎನ್ನೋಣ. ‘ಸಾಕಷ್ಟು ಬಿಸಿಗಾಳಿ ಹಾಯಿಸಿ’ ಎಂದು ಬರೆದರೆ ಸಾಕೇ? ಎಷ್ಟು ಡಿಗ್ರಿ, ಎಷ್ಟು ಹೊತ್ತು, ಕಾಯಿಯಲ್ಲಿ ಎಷ್ಟು ತೇವ ಉಳಿದಾಗ ನಿಲ್ಲಿಸಬೇಕು? ತಾನೇ ಅಳೆದ ಈ ಅಂಕಿಗಳು, ಅಳೆದ ರೀತಿ ಎರಡೂ ವಿವರಣೆಯಲ್ಲಿರಲಿ. ಹಾಗೆಂದು ಒಂದೇ ಅಂಕಿಗೆ ಕ್ಲೇಮನ್ನು ಕಟ್ಟಿಹಾಕಬೇಕಿಲ್ಲ. ಇಷ್ಟರಿಂದ ಇಷ್ಟರವರೆಗೆ ಎನ್ನಬಹುದು. ಆಮೇಲೆ ತಿದ್ದಿದರಾಯಿತು ಎನ್ನುವಂತಿಲ್ಲ. ಮೊದಲು ಹೇಳದೆ ಬಿಟ್ಟ ಹೊಸ ಸಂಗತಿಯನ್ನು ತಿದ್ದುಪಡಿಯಲ್ಲಿ ಸೇರಿಸಲು 59ನೇ ಕಲಂ ಬಿಡದು.

ಪಾಲಕರಿಗೂ ಒಂದು ಮಾತು. ಅರ್ಜಿ ಹಾಕಿದ ಮಾತ್ರಕ್ಕೆ ಪೇಟೆಂಟ್ ಸಿಕ್ಕಂತಲ್ಲ. ಶುಲ್ಕ ಕಟ್ಟುವ ಮುನ್ನ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕ್ಲೇಮನ್ನು ಓದಿಸಿರಿ. ‘ಅಂದರೆ ಎಷ್ಟು?’ ಎಂದು ಕೇಳಿರಿ. ಉತ್ತರ ಅರ್ಜಿಯಲ್ಲೇ ಸಿಗದಿದ್ದರೆ, ಬಾಂದುಕಲ್ಲು ನೆಡುವ ಕೆಲಸ ಇನ್ನೂ ಬಾಕಿ ಇದೆ.