ತುಂಬಿದ ಕೊಡ, ಖಾಲಿ ಕೊಡ

ಹಿಂದೆ ನಮ್ಮ ಊರಿನವರು ಇರುಳು ನೆಂಟರ ಮನೆಯಿಂದ ಮರಳುವಾಗ ಕೈಯಲ್ಲಿ ಸೂಟೆ ಹಿಡಿದು ನಡೆಯುತ್ತಿದ್ದರು. ಒಣಗಿದ ತೆಂಗಿನ ಮಡಲನ್ನು ಬಿಗಿಯಾಗಿ ಕಟ್ಟಿ ಮಾಡಿದ ಸೂಟೆ ಅದು. ಉರಿದು ಮುಗಿಯುವುದರೊಳಗೆ ಮನೆ ಸೇರಬೇಕು ಎಂಬ ಲೆಕ್ಕ ಅವರಿಗಿತ್ತು. ಮುಂದೆ ಟಾರ್ಚು ಬಂತು. ಈಗ ಶಿಬಿರಕ್ಕೆ ಹೋಗುವವರ ಚೀಲದಲ್ಲಿ ಪವರ್ ಬ್ಯಾಂಕ್ ಇರುತ್ತದೆ. ಆದರೆ ಆ ಹಳೆಯ ಲೆಕ್ಕ ನಮಗೆ ಮರೆತುಹೋಗಿದೆ.

ಮಕ್ಕಳೇ, ಪವರ್ ಬ್ಯಾಂಕ್ ಎಂದರೆ ಕರೆಂಟನ್ನು ತುಂಬಿಸಿಡುವ ಒಂದು ಕೊಡವಿದ್ದಂತೆ. ಮನೆಯಲ್ಲಿ ತುಂಬಿಸಿ, ಕಾಡಿನಲ್ಲಿ ಯುಎಸ್‌ಬಿ ಕೇಬಲಿನ ಮೂಲಕ ಫೋನಿಗೋ ದೀಪಕ್ಕೋ ಕೊಡಬಹುದು. ಅದರೊಳಗೆ ಲಿಥಿಯಂ ಅಯಾನ್ ಬ್ಯಾಟರಿ ಇದೆ. ಈ ಬಗೆಯ ಬ್ಯಾಟರಿಯನ್ನು ಬೆಳೆಸಿದ್ದಕ್ಕಾಗಿ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ!

ಒಮ್ಮೆ ನಾವು ಕೆಲವು ಅಧ್ಯಾಪಕರು ಮಕ್ಕಳನ್ನು ಕರೆದುಕೊಂಡು ಕಾಸರಗೋಡು ಜಿಲ್ಲೆಯ ರಾಣಿಪುರಂ ಬಳಿ ಎರಡು ದಿನಗಳ ಶಿಬಿರಕ್ಕೆ ಹೋಗಿದ್ದೆವು. ಸಂಜೆ ಗಾಳಿಮಳೆ ಬಂದು ಕರೆಂಟು ಹೋಯಿತು. "ಸರ್, ಹಾಡು ಹಾಕಿ" ಎಂದು ಮಕ್ಕಳು ಕೇಳಿದರು. ನನಗೂ ಉತ್ಸಾಹ. ಪವರ್ ಬ್ಯಾಂಕಿಗೆ ಫೋನನ್ನೂ ಸ್ಪೀಕರನ್ನೂ ಜೋಡಿಸಿದೆ. ಗಂಜಿ ಊಟ ಮುಗಿದ ಮೇಲೂ ಕುಣಿತ ನಿಲ್ಲಲಿಲ್ಲ.

ನಡುರಾತ್ರಿ ನಾಲ್ಕನೆಯ ತರಗತಿಯ ಒಬ್ಬ ಹುಡುಗನಿಗೆ ಹೊಟ್ಟೆನೋವು ಶುರುವಾಯಿತು. ವಾಂತಿ ನಿಲ್ಲಲಿಲ್ಲ. ಜೀಪಿನವರಿಗೆ ಕರೆ ಮಾಡೋಣವೆಂದರೆ ನನ್ನ ಫೋನು ಸತ್ತಿತ್ತು. ಪವರ್ ಬ್ಯಾಂಕಿನ ಗುಂಡಿ ಒತ್ತಿದೆ. ನಾಲ್ಕು ಪುಟ್ಟ ದೀಪಗಳಲ್ಲಿ ಒಂದೂ ಹೊತ್ತಲಿಲ್ಲ. ಇನ್ನೊಬ್ಬ ಅಧ್ಯಾಪಕರ ಫೋನಿನಲ್ಲಿ ಸ್ವಲ್ಪವೇ ಚಾರ್ಜ್ ಉಳಿದಿತ್ತು. ಅವರು ಕತ್ತಲೆಯಲ್ಲಿ ತಡವರಿಸುತ್ತಾ ರೇಂಜ್ ಸಿಗುವ ಜಾಗಕ್ಕೆ ಹೋಗಿ ಕರೆ ಮಾಡಿದರು. ಮಾತು ಮುಗಿಯುವಷ್ಟರಲ್ಲಿ ಆ ಫೋನೂ ಆರಿತು. ಜೀಪು ಬಂತು, ಹುಡುಗ ಗುಣವಾದ. ಆದರೆ ಆ ಅರ್ಧ ಗಂಟೆಯನ್ನು ನಾನು ಮರೆತಿಲ್ಲ. ತಪ್ಪು ಪವರ್ ಬ್ಯಾಂಕಿನದಲ್ಲ, ನನ್ನದು.

"ಶಿಬಿರಕ್ಕೆ ಹೋಗುವಾಗ ಇಂಥದ್ದೊಂದೂ ಬೇಡ" ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ನಕ್ಷತ್ರ ನೋಡಲು, ಜೀರುಂಡೆಯ ದನಿ ಕೇಳಲು, ಗೆಳೆಯರೊಡನೆ ಕತೆ ಹೇಳಲು ಚಾರ್ಜ್ ಬೇಕಿಲ್ಲ. ಆದರೆ ಹಾವು ಕಚ್ಚಿದರೆ, ಯಾರಾದರೂ ದಾರಿ ತಪ್ಪಿದರೆ? ಆಗ ಬೆಳಕು ಬೇಕು, ಒಂದು ಕರೆ ಮಾಡಲು ಫೋನು ಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಆದುದರಿಂದ ಪವರ್ ಬ್ಯಾಂಕ್ ಇರಲಿ, ಆದರೆ ಲೆಕ್ಕದಿಂದ ಬಳಸೋಣ ಎಂಬುದು ನನ್ನ ಅಭಿಪ್ರಾಯ.

ಆ ಲೆಕ್ಕ ಹೀಗಿದೆ. ಪವರ್ ಬ್ಯಾಂಕಿನ ಮೇಲೆ 10,000 ಮಿಲಿ ಆಂಪಿಯರ್ ಅವರ್ ಎಂದು ಬರೆದಿದ್ದರೆ, 5,000ದ ಫೋನು ಎರಡು ಸಲ ತುಂಬುತ್ತದೆ ಎಂದು ಎಣಿಸುತ್ತೇವೆ. ಹಾಗಾಗದು. ಒಳಗಿನ ಬ್ಯಾಟರಿ 3.7 ವೋಲ್ಟಿನದು, ಹೊರಗೆ ಬರುವುದು 5 ವೋಲ್ಟ್. ಹೀಗೆ ಬದಲಾಗುವಾಗಲೂ ಫೋನು ಚಾರ್ಜ್ ಆಗುವಾಗಲೂ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಫೋನು ಸುಮಾರು ಒಂದೂವರೆ ಸಲ ಮಾತ್ರ ತುಂಬುತ್ತದೆ. ಆದರೆ 1 ವಾಟಿನ ಎಲ್‌ಇಡಿ ದೀಪ ಇದರಿಂದಲೇ 25 ಗಂಟೆಗೂ ಹೆಚ್ಚು ಹೊತ್ತು ಉರಿಯಬಲ್ಲದು. ಅಂದರೆ ಎರಡು ರಾತ್ರಿಯ ಬೆಳಕು!

ಇನ್ನೊಂದು ವಿಷಯ. ರೇಂಜ್ ಕಡಿಮೆ ಇರುವಲ್ಲಿ ಫೋನು ಟವರನ್ನು ಹುಡುಕುತ್ತಾ ಬೇಗ ಚಾರ್ಜ್ ಕಳೆದುಕೊಳ್ಳುತ್ತದೆ. ಬೇಡದ ಹೊತ್ತಿನಲ್ಲಿ ಅದನ್ನು ಫ್ಲೈಟ್ ಮೋಡ್‌ನಲ್ಲಿ ಇಡುವುದು ಒಳ್ಳೆಯದು. ಪವರ್ ಬ್ಯಾಂಕನ್ನು ಬಿಸಿಲಿಗೆ, ನೀರಿಗೆ ಒಡ್ಡಬಾರದು. ಉಬ್ಬಿಕೊಂಡರೆ ಅದನ್ನು ಬಳಸಲೇಬಾರದು. ಹಾಳಾದುದನ್ನು ಬೆಂಕಿಗೆ ಹಾಕಿದರೆ ಸಿಡಿಯುವ ಅಪಾಯವಿದೆ. ಕಾಡಿನಲ್ಲಿ ಎಸೆಯದೆ ಊರಿಗೆ ತಂದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ಈಗ ನಮ್ಮ ಶಿಬಿರದಲ್ಲಿ ಒಂದು ನಿಯಮವಿದೆ. ಮೊದಲು ಬೆಳಕು, ಮತ್ತೆ ಕರೆ, ಕೊನೆಗೆ ಫೋಟೋ. ಒಂದು ಪವರ್ ಬ್ಯಾಂಕನ್ನು ತುಂಬಿಸಿ ಹಾಗೆಯೇ ತೆಗೆದಿಡುತ್ತೇವೆ. ಮನೆಗೆ ಮರಳುವಾಗ ಅದು ತುಂಬಿದಂತೆಯೇ ಇದ್ದರೆ ನಮಗೆ ಸಂತೋಷ. ಹಾಡು? ಅದನ್ನು ನಾವೇ ಹಾಡುತ್ತೇವೆ. ಅದಕ್ಕೆ ಚಾರ್ಜ್ ಬೇಡವಲ್ಲ!

ಚರ್ಚಿಸಿರಿ
1. "ತಪ್ಪು ಪವರ್ ಬ್ಯಾಂಕಿನದಲ್ಲ, ನನ್ನದು" ಎಂದು ಲೇಖಕರು ಹೇಳಿದ್ದೇಕೆ?
2. ಶಿಬಿರಕ್ಕೆ ಫೋನು ಬೇಕೇ, ಬೇಡವೇ? ಎರಡು ಗುಂಪುಗಳಾಗಿ ಅಭಿಪ್ರಾಯ ಹೇಳಿರಿ.
3. ಕರೆಂಟು ಇಲ್ಲದ ಕಾಲದಲ್ಲಿ ಇರುಳು ಹೇಗೆ ನಡೆದಾಡುತ್ತಿದ್ದರೆಂದು ಅಜ್ಜ ಅಜ್ಜಿಯರಲ್ಲಿ ಕೇಳಿ ಬರೆಯಿರಿ.